ಡಿಗ್ರಿಯಲ್ಲೇ ಶುರುವಾಗಲಿ ವಕೀಲಿಕೆಯ ತಯಾರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಮಕ್ಕಳು ಪಿಯುಸಿ ಮುಗಿಯುತ್ತಿದ್ದಂತೆ ಕೇಳುವ ಪ್ರಶ್ನೆ: ಮುಂದೆ ಲಾ ಓದಬೇಕಾದರೆ ಡಿಗ್ರಿಗೆ ಏನು ತೆಗೆದುಕೊಳ್ಳಬೇಕು?

ಹಂತ 1: ಮೊದಲು ಭಯ ಬಿಡಿ. ಮೂರು ವರ್ಷದ ಎಲ್‌ಎಲ್‌ಬಿಗೆ ಬಿಎ, ಬಿಕಾಂ, ಬಿಎಸ್ಸಿ ಯಾವುದಾದರೂ ನಡೆಯುತ್ತದೆ. ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟರಿಗೆ ಶೇ 40 ಅಂಕ ಬೇಕು. ಮೊದಲ ಸೆಮಿಸ್ಟರಿನಿಂದಲೇ ಅಂಕದ ಮೇಲೆ ಕಣ್ಣಿರಲಿ.

ಹಂತ 2: ಬಿಎ ಆದರೆ ರಾಜ್ಯಶಾಸ್ತ್ರವನ್ನು ಬಿಡಬೇಡಿ. ಜೊತೆಗೆ ಇತಿಹಾಸವೋ ಅರ್ಥಶಾಸ್ತ್ರವೋ ಇರಲಿ. ಬಿಕಾಂ ಓದಿದವರಿಗೆ ಮುಂದೆ ತೆರಿಗೆ, ಕಂಪನಿ ಕಾನೂನು ಹಗುರವಾಗುತ್ತದೆ.

ಹಂತ 3: ಸಂವಿಧಾನದ ಪತ್ರಿಕೆಯನ್ನು ಗೈಡ್ ನೋಡಿ ಪಾಸಾಗುವ ವಿಷಯ ಎಂದುಕೊಳ್ಳಬೇಡಿ. ಕಲ್ಯಾಣ ಕರ್ನಾಟಕದವರಿಗೆ ಸೀಟು, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿಯ ನಿಮ್ಮ ಪ್ರಮಾಣಪತ್ರದಿಂದಲೇ ಓದು ಶುರುಮಾಡಿ. ಆ ವಿಧಿ ಬಂದದ್ದು 2012ರ 98ನೇ ತಿದ್ದುಪಡಿಯಿಂದ. ಹರಪನಹಳ್ಳಿ 1997ರಲ್ಲೇ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿತ್ತು; ಬಳ್ಳಾರಿ ಆ ವಿಧಿಯ ವ್ಯಾಪ್ತಿಗೆ ಬಂತು, ದಾವಣಗೆರೆ ಬರಲಿಲ್ಲ. ಹಾಗಾಗಿ ಪಕ್ಕದ ಹಡಗಲಿಗೆ ಸಿಕ್ಕ ಸೌಲಭ್ಯ ಅದಕ್ಕೆ ಸಿಗಲಿಲ್ಲ. ಹೋರಾಟ ನಡೆದು, ತಾಲ್ಲೂಕು ಮತ್ತೆ ಬಳ್ಳಾರಿಗೆ ಸೇರಿದ ಮೇಲೆಯೇ ಸಿಕ್ಕಿದ್ದು. ಜಿಲ್ಲೆಯ ಗಡಿ ಬದಲಾದರೆ ಸೀಟು, ನೌಕರಿ ಹೇಗೆ ಬದಲಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ.

ಹಂತ 4: ಮನೆಯ ಪಹಣಿ ತೆಗೆದು ಕೂತು ಓದಿ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಹಕ್ಕು ಬಂದ ಬಗೆ, 11ರಲ್ಲಿ ಸಾಲ, ಋಣ ಇರುತ್ತವೆ. ತಾತನ ಹೆಸರಿನಲ್ಲೇ ಖಾತೆ ನಿಂತಿದ್ದರೆ ಏಕೆ ಎಂದು ಹಿರಿಯರನ್ನು ಕೇಳಿ. ಭಾಗದ ದಾವೆಗಳ ಬೇರು ಹೆಚ್ಚಾಗಿ ಅಲ್ಲೇ ಇರುತ್ತದೆ. ರಜೆಯಲ್ಲಿ ತಾಲ್ಲೂಕು ಕೋರ್ಟಿಗೆ ಹೋಗಿ ಹಿಂದೆ ಕೂತು ಕಲಾಪ ನೋಡಿ. ಸಾಮಾನ್ಯವಾಗಿ ವಿಚಾರಣೆ ನಡೆಯುವುದು ತೆರೆದ ನ್ಯಾಯಾಲಯದಲ್ಲಿ, ಹೋಗಲು ಅಂಜಬೇಕಿಲ್ಲ.

ಹಂತ 5: ಭಾಷೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಸಾಕ್ಷಿ ಮಾತಾಡುವುದು ಕನ್ನಡದಲ್ಲಿ, ಹೈಕೋರ್ಟಿನ ತೀರ್ಪು ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ದಿನಾ ಒಂದು ಸುದ್ದಿಯನ್ನು ಎರಡೂ ಭಾಷೆಯಲ್ಲಿ ಓದಿ, ಐದು ಸಾಲಿನಲ್ಲಿ ಸ್ವಂತವಾಗಿ ಬರೆಯಿರಿ. ಕನ್ನಡ ಮಾಧ್ಯಮದವರು ಕುಗ್ಗಬೇಡಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

ಹಂತ 6: ಕೊನೆಯ ಸೆಮಿಸ್ಟರಿನಲ್ಲೇ ಅಂಕಪಟ್ಟಿ, ಜಾತಿ, ಆದಾಯ ಪ್ರಮಾಣಪತ್ರ ಹೊಂದಿಸಿಕೊಳ್ಳಿ. ಬಳ್ಳಾರಿ, ದಾವಣಗೆರೆ, ಚಿತ್ರದುರ್ಗ ಮೂರೂ ಕಡೆ ಕಾನೂನು ಕಾಲೇಜುಗಳಿವೆ. ಮುಂದೆ ಸನ್ನದಿಗೆ ದುಡ್ಡು ಎಲ್ಲಿಂದ ಎಂಬ ಚಿಂತೆಯೂ ಬೇಡ: 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ.