ಕಂಡ ದಾರಿ, ಕೇಳಿದ ದಾರಿ

ಫ್ರಾನ್ಸ್ ದೇಶದ ದಕ್ಷಿಣದ ಕಡಲಂಚಿನಲ್ಲಿ ಮೊನಾಕೊ ಎಂಬ ಪುಟ್ಟ ಸಂಸ್ಥಾನವಿದೆ. ಅದರ ವಿಸ್ತಾರ ಎರಡು ಚದರ ಕಿಲೋಮೀಟರುಗಳಿಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಮೋಟಾರು ಪಂದ್ಯಗಳ ಚರಿತ್ರೆಯಲ್ಲಿ ಈ ಊರಿಗೆ ದೊರೆತಿರುವ ಸ್ಥಾನ ಬಹು ದೊಡ್ಡದು. ಎರಡು ಬೇರೆ ಬೇರೆ ಬಗೆಯ ಪಂದ್ಯಗಳು ಇಲ್ಲಿ ನಡೆಯುತ್ತವೆ. ಒಂದು, 1911ರಲ್ಲಿ ಮೊದಲಾದ ಮಾಂಟೆ ಕಾರ್ಲೊ ರ‍್ಯಾಲಿ. ಇನ್ನೊಂದು, 1929ರಲ್ಲಿ ಮೊದಲಾದ ಮೊನಾಕೊ ಗ್ರ್ಯಾಂಡ್ ಪ್ರಿ. ರ‍್ಯಾಲಿಯು ಚಳಿಗಾಲದಲ್ಲಿ, ಊರ ಹಿಂದೆ ಎದ್ದುನಿಂತಿರುವ ಆಲ್ಪ್ಸ್ ಪರ್ವತಗಳ ದಾರಿಗಳಲ್ಲಿ ನಡೆಯುತ್ತದೆ. ಗ್ರ್ಯಾಂಡ್ ಪ್ರಿ ಪಂದ್ಯವು ಬೇಸಗೆಯ ಮೊದಲಲ್ಲಿ ಊರ ಬೀದಿಗಳಲ್ಲಿಯೇ ನಡೆಯುತ್ತದೆ.

ಈ ಎರಡು ಬಗೆಯ ಪಂದ್ಯಗಳ ಚಾಲಕರಲ್ಲಿ ಯಾರು ಹೆಚ್ಚು ನಿಪುಣರು ಎಂಬ ಚರ್ಚೆ ಪಂದ್ಯಪ್ರಿಯರಲ್ಲಿ ಬಹುಕಾಲದಿಂದ ನಡೆಯುತ್ತ ಬಂದಿದೆ. "ಸರ್ಕ್ಯೂಟಿನ ವೀರನನ್ನು ಹಿಮ ಕವಿದ ಕಾಡುದಾರಿಯಲ್ಲಿ ಬಿಡಿ; ಮೊದಲ ತಿರುವಿನಲ್ಲಿಯೇ ಅವನ ವೀರಾವೇಶ ಇಳಿದುಹೋಗುತ್ತದೆ" ಎಂದು ರ‍್ಯಾಲಿಯ ಪಕ್ಷದವರು ಹೇಳುತ್ತಾರೆ. "ರ‍್ಯಾಲಿಯವನು ಒಂಟಿಯಾಗಿ ಓಡುವವನು, ಇಪ್ಪತ್ತು ಗಾಡಿಗಳು ಒಮ್ಮೆಗೇ ಒಂದು ತಿರುವಿಗೆ ನುಗ್ಗುವಾಗ ಅವನೇನು ಮಾಡಿಯಾನು?" ಎಂದು ಎದುರು ಪಕ್ಷದವರು ಕೇಳುತ್ತಾರೆ. ಇಂಥ ವಾದಗಳಲ್ಲಿ ದನಿ ಏರಿದಷ್ಟೂ ವಿಷಯ ಹಿಂದೆ ಬೀಳುತ್ತದೆ. ಇಬ್ಬರೂ ಮಾಡುವ ಕೆಲಸವೇನು ಎಂಬುದನ್ನು ಮೊದಲು ನೋಡುವುದು ಮೇಲು.

ಸರ್ಕ್ಯೂಟ್ ಎಂದರೆ ಸುತ್ತಿ ಬಂದು ಹೊರಟ ಜಾಗವನ್ನೇ ಸೇರುವ ಹಾದಿ. ಮೊನಾಕೊದಲ್ಲಿ ಅದರ ಒಂದು ಸುತ್ತಿನ ಉದ್ದ 3.337 ಕಿಲೋಮೀಟರು, ಪಂದ್ಯಕ್ಕೆ 78 ಸುತ್ತು. ಅಂದರೆ ಒಂದೊಂದು ತಿರುವೂ ಚಾಲಕನಿಗೆ ಒಂದೇ ಮಧ್ಯಾಹ್ನದಲ್ಲಿ 78 ಸಲ ಎದುರಾಗುತ್ತದೆ. ಹಿಂದಿನ ದಿನಗಳ ಅಭ್ಯಾಸದ ಸುತ್ತುಗಳು ಬೇರೆ. ನಿತ್ಯವೂ ಒಂದೇ ಘಾಟಿಯನ್ನು ಹತ್ತಿಳಿಯುವ ಬಸ್ಸಿನ ಚಾಲಕನಿಗೆ ತಿರುವುಗಳೆಲ್ಲ ಬಾಯಿಪಾಠವಾಗಿರುವಂತೆ ಅವನಿಗೂ ಹಾದಿ ಬಾಯಿಪಾಠವಾಗಿರುತ್ತದೆ. ಆದ್ದರಿಂದ ಹಾದಿಯನ್ನು ತಿಳಿಯುವುದು ಅವನ ಕಷ್ಟವಲ್ಲ. ತಿಳಿದ ಹಾದಿಯಿಂದ ಸೆಕೆಂಡಿನ ನೂರರಲ್ಲೊಂದು ಪಾಲನ್ನು ಹಿಂಡಿ ತೆಗೆಯುವುದು ಅವನ ಕಷ್ಟ.

ಇದು ಸುಲಭವೆಂದು ಯಾರೂ ತಿಳಿಯಬಾರದು. ಟೈರು ನೆಲವನ್ನು ಹಿಡಿಯುವ ಶಕ್ತಿಗೆ ಒಂದು ಮಿತಿಯುಂಟು. ಆ ಶಕ್ತಿಯನ್ನು ವೇಗ ತಗ್ಗಿಸಲು ಬಳಸಬಹುದು, ತಿರುಗಲು ಬಳಸಬಹುದು. ಏಕಕಾಲದಲ್ಲಿ ಎರಡಕ್ಕೂ ಪೂರ್ತಿಯಾಗಿ ಬಳಸಲು ಬರುವುದಿಲ್ಲ. ತಿಂಗಳ ಸಂಬಳವನ್ನು ಅಕ್ಕಿಗೂ ಬಟ್ಟೆಗೂ ಹಂಚುವ ಗೃಹಸ್ಥನಂತೆ ಚಾಲಕನು ಅದನ್ನು ಹಂಚಬೇಕು. ಅದೂ ಒಂದೆರಡು ಸೆಕೆಂಡುಗಳ ಒಳಗೆ. ನೇರ ಹಾದಿಯ ಕೊನೆಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿ, ಚುಕ್ಕಾಣಿ ತಿರುಗಿದಂತೆಲ್ಲ ಪಾದದ ಒತ್ತಡವನ್ನು ಸಡಿಲಿಸುತ್ತ, ತಿರುವಿನ ಒಳ ಅಂಚನ್ನು ಕೂದಲೆಳೆಯ ಅಂತರದಲ್ಲಿ ಸವರಿ ಹೊರಬರಬೇಕು. ಒಂದಿಷ್ಟು ಮಿತಿ ಮೀರಿದರೆ ಗಾಡಿ ಜಾರುತ್ತದೆ. ಒಂದಿಷ್ಟು ಕಡಿಮೆ ಮಾಡಿದರೆ ಹಿಂದಿನವನು ಮುಂದಾಗುತ್ತಾನೆ. ಫಾರ್ಮುಲಾ ಒನ್ ಗಾಡಿಯ ರೆಕ್ಕೆಗಳದು ಇನ್ನೊಂದು ಸೋಜಿಗ. ಅವು ವಿಮಾನದ ರೆಕ್ಕೆಗೆ ತಿರುಗುಮುರುಗಾಗಿ ಕೆಲಸ ಮಾಡಿ, ಗಾಡಿಯನ್ನು ಗಾಳಿಯ ಬಲದಿಂದ ನೆಲಕ್ಕೆ ಒತ್ತುತ್ತವೆ. ವೇಗ ಹೆಚ್ಚಿದಷ್ಟೂ ಒತ್ತಡ ಹೆಚ್ಚು. ಆದುದರಿಂದ ಕೆಲವು ವೇಗದ ತಿರುವುಗಳಲ್ಲಿ ಹೆದರಿ ನಿಧಾನಿಸಿದವನಿಗೇ ಹಿಡಿತ ಕಡಿಮೆಯಾಗುತ್ತದೆ! ಅಂಥ ತಿರುವಿನಲ್ಲಿ ಚಾಲಕನನ್ನು ಪಕ್ಕಕ್ಕೆ ಎಳೆಯುವ ಬಲವು ಅವನ ತೂಕದ ನಾಲ್ಕೈದು ಪಟ್ಟು ಇರುತ್ತದೆ. ಇವೆಲ್ಲದರ ನಡುವೆ ಎಡಬಲಗಳಲ್ಲಿ ಬೇರೆ ಗಾಡಿಗಳು ಚಕ್ರಕ್ಕೆ ಚಕ್ರ ತಾಗುವಷ್ಟು ಸಮೀಪದಲ್ಲಿ ಓಡುತ್ತಿರುತ್ತವೆ.

ಈ ವಿದ್ಯೆಯ ಎತ್ತರವನ್ನೂ ಅದರ ಅಪಾಯವನ್ನೂ ಒಂದೇ ವರ್ಷ, ಒಂದೇ ಊರು ತೋರಿಸಿಕೊಟ್ಟಿತು. 1988ರ ಮೊನಾಕೊ ಪಂದ್ಯಕ್ಕೆ ಮುನ್ನ ಸ್ಥಾನ ನಿರ್ಣಯದ ಸುತ್ತುಗಳಲ್ಲಿ ಬ್ರೆಜಿಲ್ ದೇಶದ ಐರ್ಟನ್ ಸೆನ್ನಾ ಎಂಬ ಚಾಲಕನು, ಅದೇ ತಂಡದ ಅದೇ ಬಗೆಯ ಗಾಡಿಯಲ್ಲಿ ಓಡಿದ ಅಲೇನ್ ಪ್ರಾಸ್ಟ್‌ನಿಗಿಂತ 1.427 ಸೆಕೆಂಡು ಮುಂದಾದನು. ಪ್ರಾಸ್ಟ್ ಆ ಮೊದಲೇ ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದವನು. ನೂರರಲ್ಲೊಂದು ಪಾಲಿಗೆ ಬಡಿದಾಡುವ ಆಟದಲ್ಲಿ ಇಷ್ಟು ಅಂತರವೆಂದರೆ ನಂಬಲಾಗದ ಮಾತು. ಮರುದಿನದ ಪಂದ್ಯದಲ್ಲಿಯೂ ಸೆನ್ನಾ ಬಹು ದೂರ ಮುಂದಿದ್ದನು. ಬೆನ್ನಟ್ಟುವವರು ಹತ್ತಿರದಲ್ಲಿಲ್ಲದ ಆ ನಿರಾಳದ ಹೊತ್ತಿನಲ್ಲಿ, 67ನೆಯ ಸುತ್ತಿನಲ್ಲಿ, ಅದುವರೆಗೆ 66 ಸಲ ಸರಿಯಾಗಿ ದಾಟಿದ್ದ ಒಂದು ತಿರುವಿನಲ್ಲಿ ಅವನ ಗಾಡಿ ತಡೆಬೇಲಿಗೆ ಬಡಿಯಿತು. ಪಂದ್ಯ ಪ್ರಾಸ್ಟ್‌ನದಾಯಿತು.

ಈಗ ಊರ ಹಿಂದಿನ ಬೆಟ್ಟವನ್ನು ಹತ್ತಿ ನೋಡೋಣ. ಅಲ್ಲಿ ಹಾದಿಯೆಂಬುದು ಒಂದಲ್ಲ. ರ‍್ಯಾಲಿಯನ್ನು ಹಲವು ಹಂತಗಳಾಗಿ ವಿಂಗಡಿಸಿರುತ್ತಾರೆ. ಒಂದೊಂದು ಹಂತವೂ ಆ ಹೊತ್ತಿಗೆ ಸಂಚಾರವನ್ನು ನಿಲ್ಲಿಸಿದ ಒಂದು ಸಾರ್ವಜನಿಕ ರಸ್ತೆ. ಗಾಡಿಗಳು ಕೆಲವು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಹೊರಡುತ್ತವೆ. ಪೈಪೋಟಿ ಪಕ್ಕದ ಗಾಡಿಯೊಡನೆ ಅಲ್ಲ, ಗಡಿಯಾರದೊಡನೆ. ಒಂದು ಹಂತ ಮುಗಿದು ಮುಂದಿನ ಹಂತಕ್ಕೆ ಹೋಗುವಾಗ ಮಾತ್ರ ಈ ಶೂರರು ಊರವರ ಗಾಡಿಗಳ ನಡುವೆ ಸಂಚಾರ ನಿಯಮಗಳನ್ನು ಪಾಲಿಸುತ್ತ ಸಾಧುವಾಗಿ ಸಾಗಬೇಕು, ತಪ್ಪಿದರೆ ದಂಡ.

ಸ್ಪರ್ಧೆಗೆ ಮೊದಲು ಚಾಲಕನಿಗೆ ಪ್ರತಿಯೊಂದು ಹಂತವನ್ನೂ ಸಾಮಾನ್ಯವಾಗಿ ಎರಡೇ ಸಲ, ಅದೂ ಮಿತವಾದ ವೇಗದಲ್ಲಿ, ನೋಡಲು ಅವಕಾಶ. ಎರಡು ನೋಟಗಳಲ್ಲಿ ನೂರಾರು ತಿರುವುಗಳನ್ನು ಯಾರು ತಾನೆ ನೆನಪಿಟ್ಟಾರು? ಆದುದರಿಂದ ಚಾಲಕನು ಹೇಳುತ್ತ ಹೋಗುತ್ತಾನೆ, ಪಕ್ಕದಲ್ಲಿ ಕುಳಿತ ಸಹಚಾಲಕನು ಬರೆದುಕೊಳ್ಳುತ್ತಾನೆ. ತಿರುವಿನ ಕೊಂಕನ್ನು ಒಂದರಿಂದ ಆರರವರೆಗಿನ ಅಂಕಿಗಳಿಂದ ಗುರುತಿಸುವುದು ಒಂದು ರೂಢಿ. ಸ್ಪರ್ಧೆಯ ದಿನ ಸಹಚಾಲಕನು ಅದನ್ನು ಓದುತ್ತಾನೆ: "ಎಡ ಐದು, ನೂರು ಮೀಟರು, ದಿಬ್ಬ, ಕೂಡಲೆ ಬಲ ಮೂರು, ಒಳಗೆ ಕಲ್ಲು, ಕೊಯ್ಯಬೇಡ." ಚಾಲಕನ ಕಣ್ಣಿಗೆ ಕಾಣುವುದು ದಿಬ್ಬ ಮಾತ್ರ, ಅದರ ಆಚೆಗಿನ ಬಲ ತಿರುವು ಇರುವುದು ಕಿವಿಯಲ್ಲಿ. ಕಾಣದ ಆ ತಿರುವಿಗೆ ತಕ್ಕಂತೆ ಗಾಡಿಯನ್ನು ದಿಬ್ಬದ ಈಚೆಯೇ ಅಣಿಗೊಳಿಸಬೇಕು. ಓದುವವನದೂ ಸಾಮಾನ್ಯ ಕೆಲಸವಲ್ಲ. ಬೇಗ ಓದಿದರೆ ಚಾಲಕನು ಮರೆಯುತ್ತಾನೆ. ತಡವಾಗಿ ಓದಿದರೆ ಆಗಲೇ ಹೊಂಡದಲ್ಲಿರುತ್ತಾನೆ. ಒಂದು ಸಾಲು ತಪ್ಪಿ ಮುಂದಿನ ಸಾಲಿಗೆ ಹಾರಿದರೆ ಎರಡು ಜೀವಗಳು ಅಪಾಯಕ್ಕೊಳಗಾಗುತ್ತವೆ.

ನೆಲವೂ ಒಂದೇ ಬಗೆಯದಲ್ಲ. ಫಿನ್ಲೆಂಡಿನಲ್ಲಿ ಗರಸು, ಸ್ವೀಡನ್ನಿನಲ್ಲಿ ಹಿಮ, ಕೀನ್ಯದಲ್ಲಿ ಕೆಮ್ಮಣ್ಣು ಮತ್ತು ಕೆಸರು. ಕರ್ನಾಟಕದ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಣ ಮಣ್ಣುದಾರಿಗಳಲ್ಲಿಯೂ ಏಷ್ಯ-ಪೆಸಿಫಿಕ್ ಮಟ್ಟದ ರ‍್ಯಾಲಿ ನಡೆದದ್ದುಂಟು. ಮಾಂಟೆ ಕಾರ್ಲೊದ ಬೆಟ್ಟಗಳಲ್ಲಂತೂ ಬಿಸಿಲು ಬೀಳುವ ಕಡೆ ಒಣ ಡಾಂಬರು, ನೆರಳಿನ ಕಡೆ ಗಾಜಿನಂಥ ಮಂಜುಗಡ್ಡೆ. ಎರಡನ್ನೂ ಒಂದೇ ಟೈರಿನಲ್ಲಿ ದಾಟಬೇಕು. ಸಡಿಲವಾದ ಗರಸಿನ ಮೇಲೆ ಸರ್ಕ್ಯೂಟಿನ ಪಾಠ ನಡೆಯುವುದಿಲ್ಲ. ಅಲ್ಲಿ ಜಾರುವುದು ತಪ್ಪಲ್ಲ, ಜಾರುವುದೇ ಉಪಾಯ. ಬಲಕ್ಕೆ ತಿರುಗಬೇಕಾದವನು ಮೊದಲು ಕ್ಷಣಕಾಲ ಎಡಕ್ಕೆ ತಿರುಗಿಸಿ, ಗಾಡಿಯ ತೂಕ ತೂಗುಯ್ಯಾಲೆಯಂತೆ ಮರಳಿ ಬರುವಾಗ ಅದರ ಬೆನ್ನಿಗೇ ಬಲಕ್ಕೆ ಎಳೆಯುತ್ತಾನೆ. ತಿರುವು ಬರುವ ಮುನ್ನವೇ ಗಾಡಿ ಓರೆಯಾಗಿ ಜಾರತೊಡಗುತ್ತದೆ: ಮುಖ ಒಂದು ಕಡೆ, ಪಯಣ ಒಂದು ಕಡೆ. ಉತ್ತರ ಯೂರೋಪಿನ ಚಾಲಕರು ರೂಢಿಗೆ ತಂದ ಈ ತಂತ್ರವನ್ನು ನೋಡುವವರು ಚಾಲಕನ ಹಿಡಿತ ತಪ್ಪಿತೆಂದು ಬೆಚ್ಚುತ್ತಾರೆ. ವಾಸ್ತವವಾಗಿ ಅದು ಅವನು ಬಯಸಿ ಮಾಡಿದ ಕೆಲಸ.

ಹಾದಿಯನ್ನು ಕಾಗದಕ್ಕೆ ಇಳಿಸುವುದರ ಬಲವೆಷ್ಟೆಂಬುದನ್ನು ತೋರಿಸಿದವನು ಒಬ್ಬ ಸರ್ಕ್ಯೂಟಿನ ಚಾಲಕನೇ ಎಂಬುದು ವಿಚಿತ್ರ. ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಹೆಸರಾದವನು. 1952ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿಯೂ ಎರಡನೆಯ ಸ್ಥಾನ ಪಡೆದಿದ್ದನು. 1955ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ಎಂಬ ಸಾವಿರ ಮೈಲಿಯ ರಸ್ತೆ ಪಂದ್ಯಕ್ಕೆ ಅವನು ಡೆನಿಸ್ ಜೆಂಕಿನ್‌ಸನ್ ಎಂಬ ಪತ್ರಕರ್ತನನ್ನು ಜೊತೆಗೆ ಕೂರಿಸಿಕೊಂಡನು. ಇಟಲಿಯ ಚಾಲಕರು ಹುಟ್ಟಿ ಬೆಳೆದ ರಸ್ತೆ ಅದು. ಪರದೇಶದವನಾದ ಮಾಸ್‌ನಿಗೆ ಅದನ್ನು ಬಾಯಿಪಾಠ ಮಾಡುವುದು ಸಾಧ್ಯವಿರಲಿಲ್ಲ. ಇಬ್ಬರೂ ಮೊದಲೇ ಹಲವು ಸಲ ಸಂಚರಿಸಿ, ಅಪಾಯದ ತಿರುವುಗಳನ್ನೂ ದಿಬ್ಬಗಳನ್ನೂ ಐದು ಮೀಟರಿಗೂ ಉದ್ದವಾದ ಕಾಗದದ ಸುರುಳಿಯಲ್ಲಿ ಬರೆದು, ಅದನ್ನು ಒಂದು ಪೆಟ್ಟಿಗೆಯೊಳಗೆ ಸುತ್ತಿಟ್ಟರು. ಎಂಜಿನ್ನಿನ ಗರ್ಜನೆಯಲ್ಲಿ ಮಾತು ಕೇಳಿಸದು. ಆದ್ದರಿಂದ ಜೆಂಕಿನ್‌ಸನ್ ಸುರುಳಿಯನ್ನು ಓದಿ ಕೈಸನ್ನೆ ಮಾಡುತ್ತ ಹೋದನು. ದಾರಿಯಲ್ಲಿ ಒಮ್ಮೆ ವಾಂತಿಗೆಂದು ಹೊರಗೆ ಬಾಗಿದಾಗ ಅವನ ಕನ್ನಡಕ ಗಾಳಿಗೆ ಹಾರಿಹೋಯಿತು. ಪುಣ್ಯಕ್ಕೆ ಇನ್ನೊಂದನ್ನು ತಂದಿದ್ದನು. ದಿಬ್ಬದಾಚೆ ದಾರಿ ನೇರವಾಗಿದೆಯೆಂದು ಜೊತೆಗಾರನ ಕೈ ಹೇಳಿದರೆ ಮಾಸ್ ವೇಗವನ್ನು ತಗ್ಗಿಸುತ್ತಲೇ ಇರಲಿಲ್ಲ. 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಅವರು ಪಂದ್ಯವನ್ನು ಗೆದ್ದರು. ಸರಾಸರಿ ವೇಗ ಗಂಟೆಗೆ ಸುಮಾರು 157 ಕಿಲೋಮೀಟರು. ಅದೂ ಊರುಗಳ ನಡುವೆ ಹಾಯುವ ಸಾಮಾನ್ಯ ರಸ್ತೆಯಲ್ಲಿ.

ಒಂದು ಆಟದ ನಿಪುಣರು ಇನ್ನೊಂದರಲ್ಲಿ ಕೈಯಾಡಿಸಿದ ಉದಾಹರಣೆಗಳು ಇನ್ನೂ ಇವೆ. ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್. 1966ರಲ್ಲಿ ಅವನು ಲೋಟಸ್ ಕಾರ್ಟಿನಾ ಗಾಡಿಯಲ್ಲಿ ಬ್ರಿಟನ್ನಿನ ಆರ್.ಎ.ಸಿ. ರ‍್ಯಾಲಿಗೆ ಇಳಿದನು. ಆ ಕಾಲದಲ್ಲಿ ಅಲ್ಲಿನ ಕಾಡುದಾರಿಗಳನ್ನು ಮುಂಚಿತವಾಗಿ ನೋಡಲು ಅವಕಾಶವೇ ಇರಲಿಲ್ಲ. ಕ್ಲಾರ್ಕ್ ಹೊಸಬನಾದರೂ ಕೆಲವು ಹಂತಗಳಲ್ಲಿ ಎಲ್ಲರಿಗಿಂತ ಬೇಗ ಓಡಿ ಪಳಗಿದವರನ್ನು ಬೆರಗುಗೊಳಿಸಿದನು. ಆದರೆ ಕೊನೆಗೆ ಗಾಡಿ ಉರುಳಿ ಸ್ಪರ್ಧೆಯಿಂದ ಹೊರಬೀಳಬೇಕಾಯಿತು. ಗೆದ್ದವನು ಅದೇ ಮಾದರಿಯ ಗಾಡಿಯಲ್ಲಿ ಓಡಿದ ಸ್ವೀಡನ್ನಿನ ಬೆಂಗ್ಟ್ ಸೋಡರ್‌ಸ್ಟ್ರಾಮ್. ವೇಗ ಕ್ಲಾರ್ಕ್‌ನಿಗೆ ಮೊದಲ ದಿನವೇ ಒಲಿದಿತ್ತು. ಕಾಣದ ತಿರುವಿಗಾಗಿ ಎಷ್ಟು ವೇಗವನ್ನು ಕೈಯಲ್ಲಿ ಉಳಿಸಿಕೊಳ್ಳಬೇಕೆಂಬುದು ಇನ್ನೂ ಕಲಿಯಬೇಕಾಗಿದ್ದ ಪಾಠ.

2007ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಕಿಮಿ ರೈಕೊನೆನ್ ಫಿನ್ಲೆಂಡಿನವನು. ಹಿಮವೂ ಗರಸೂ ಅವನಿಗೆ ತಾಯ್ನಾಡಿನ ವಸ್ತುಗಳು. ಆದರೂ 2010 ಮತ್ತು 2011ರಲ್ಲಿ ವಿಶ್ವ ರ‍್ಯಾಲಿಯಲ್ಲಿ ಓಡಿದಾಗ ಅವನು ಪಡೆದ ಅತ್ಯುತ್ತಮ ಸ್ಥಾನ ಐದನೆಯದು. ಅವನ ಎದುರಾಳಿಗಳು ಅದೇ ದಾರಿಗಳನ್ನು ವರ್ಷ ವರ್ಷವೂ ಓಡಿ ತಮ್ಮ ಟಿಪ್ಪಣಿಗಳನ್ನು ತಿದ್ದಿಕೊಳ್ಳುತ್ತ ಬಂದವರು. 2012ರಲ್ಲಿ ಅವನು ಫಾರ್ಮುಲಾ ಒನ್‌ಗೆ ಮರಳಿ ಅದೇ ವರ್ಷ ಅಬುಧಾಬಿಯ ಪಂದ್ಯವನ್ನು ಗೆದ್ದನು.

ಈ ದಾಟುವಿಕೆಗೆ ಎಲ್ಲರಿಗಿಂತ ದೊಡ್ಡ ಬೆಲೆ ತೆತ್ತವನು ಪೋಲೆಂಡಿನ ರಾಬರ್ಟ್ ಕುಬಿತ್ಸಾ. 2008ರಲ್ಲಿ ಕೆನಡದ ಗ್ರ್ಯಾಂಡ್ ಪ್ರಿ ಗೆದ್ದಿದ್ದ ಅವನಿಗೆ ರ‍್ಯಾಲಿಯೆಂದರೆ ಬಹಳ ಪ್ರೀತಿ. 2011ರ ಫೆಬ್ರುವರಿಯಲ್ಲಿ ಇಟಲಿಯ ಒಂದು ಸಣ್ಣ ರ‍್ಯಾಲಿಯಲ್ಲಿ ಅವನ ಗಾಡಿ ರಸ್ತೆಯಂಚಿನ ಲೋಹದ ತಡೆಬೇಲಿಗೆ ಬಡಿದು, ಬೇಲಿಯ ಪಟ್ಟಿ ಗಾಡಿಯೊಳಕ್ಕೆ ನುಗ್ಗಿತು. ಬಲಗೈ ಛಿದ್ರವಾಯಿತು. ಸರ್ಕ್ಯೂಟಿನಲ್ಲಾದರೆ ತಡೆಗಳನ್ನು ವೇಗದ ಗಾಡಿಗಳಿಗೆಂದೇ ಕಟ್ಟಿರುತ್ತಾರೆ. ಊರ ರಸ್ತೆಯ ಬೇಲಿಗೆ, ಮರಕ್ಕೆ, ಮನೆಯ ಗೋಡೆಗೆ ಪಂದ್ಯದ ಗೊಡವೆಯಿಲ್ಲ. ಕುಬಿತ್ಸಾ ಆ ಕೈಯನ್ನು ಪೂರ್ತಿಯಾಗಿ ಮರಳಿ ಪಡೆಯಲಿಲ್ಲ. ಆದರೂ 2013ರಲ್ಲಿ ವಿಶ್ವ ರ‍್ಯಾಲಿಯ ಎರಡನೆಯ ದರ್ಜೆಯಲ್ಲಿ ಚಾಂಪಿಯನ್ ಆದನು. 2019ರಲ್ಲಿ ಫಾರ್ಮುಲಾ ಒನ್‌ಗೆ ಮರಳಿದನು. 2025ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆಯುವ 24 ಗಂಟೆಗಳ ಓಟವನ್ನು ಇಬ್ಬರು ಜೊತೆಗಾರರೊಡನೆ ಗೆದ್ದನು.

ಬೆಟ್ಟದಿಂದ ಸರ್ಕ್ಯೂಟಿಗೆ ಇಳಿದವರಲ್ಲಿ ಫ್ರಾನ್ಸಿನ ಸೆಬಾಸ್ಟಿಯನ್ ಲೋಬ್ ಮುಖ್ಯನು. 2004ರಿಂದ 2012ರವರೆಗೆ ಒಂದೂ ವರ್ಷ ಬಿಡದೆ ಒಂಬತ್ತು ಸಲ ವಿಶ್ವ ರ‍್ಯಾಲಿ ಚಾಂಪಿಯನ್ ಆದವನು ಅವನು. 2006ರ ಲ ಮಾನ್ ಓಟದಲ್ಲಿ ಅವನ ತಂಡಕ್ಕೆ ಎರಡನೆಯ ಸ್ಥಾನ ದೊರೆಯಿತು. 2008ರಲ್ಲಿ ಬಾರ್ಸಿಲೋನದಲ್ಲಿ ಫಾರ್ಮುಲಾ ಒನ್ ಗಾಡಿಯನ್ನು ಪರೀಕ್ಷಾರ್ಥವಾಗಿ ಓಡಿಸಿದಾಗ, ಅಂದು ಓಡಿದ 17 ಮಂದಿಯಲ್ಲಿ ಎಂಟನೆಯವನಾದನು. ರ‍್ಯಾಲಿಯ ಪಕ್ಷದವರು ಇದನ್ನು ಹೆಮ್ಮೆಯಿಂದ ಎತ್ತಿ ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಪರೀಕ್ಷೆಯ ದಿನದ ಎಂಟನೆಯ ಸ್ಥಾನ ಬೇರೆ, ಪಂದ್ಯದ ದಿನ ನೂರರಲ್ಲೊಂದು ಪಾಲಿನ ಕಾದಾಟ ಬೇರೆ. ಫಾರ್ಮುಲಾ ಒನ್ ಮತ್ತು ವಿಶ್ವ ರ‍್ಯಾಲಿ ಎರಡರಲ್ಲಿಯೂ ವಿಶ್ವ ಚಾಂಪಿಯನ್ ಆದ ಚಾಲಕನು ಇದುವರೆಗೆ ಒಬ್ಬನೂ ಇಲ್ಲ. ಒಂದರ ನೈಪುಣ್ಯದೊಳಗೆ ಇನ್ನೊಂದು ಅಡಗಿದ್ದರೆ ಇಷ್ಟು ವರ್ಷಗಳಲ್ಲಿ ಒಬ್ಬನಾದರೂ ಸಿಗುತ್ತಿದ್ದನು. ಗಾಡಿಯ ಹಿಡಿತ ಇಬ್ಬರಿಗೂ ಸಮಾನವಾದ ಸೊತ್ತು. ಅದರ ಮೇಲೆ ಒಬ್ಬನು ತನ್ನ ಕಣ್ಣನ್ನೂ ನೆನಪನ್ನೂ ಹರಿತಗೊಳಿಸಿಕೊಳ್ಳುತ್ತಾನೆ. ಇನ್ನೊಬ್ಬನು ಬೇರೊಬ್ಬರ ದನಿಯನ್ನು ತನ್ನ ಕಣ್ಣಾಗಿಸಿಕೊಳ್ಳುತ್ತಾನೆ.

ಲೋಬ್ ಒಂಬತ್ತು ಪಟ್ಟಗಳನ್ನೂ ಗೆದ್ದದ್ದು ಮೊನಾಕೊದವನೇ ಆದ ಡೇನಿಯಲ್ ಎಲೆನಾ ಎಂಬ ಒಬ್ಬನೇ ಸಹಚಾಲಕನ ದನಿಯನ್ನು ಕೇಳುತ್ತ. 2022ರ ಮಾಂಟೆ ಕಾರ್ಲೊ ರ‍್ಯಾಲಿಗೆ ಮಾತ್ರ ಆ ದನಿ ಬದಲಾಗಿತ್ತು. ಈ ಸಲ ಪಕ್ಕದಲ್ಲಿ ಕುಳಿತಿದ್ದವರು ಇಸಬೆಲ್ ಗಾಲ್‌ಮಿಶ್. ವೃತ್ತಿಯಿಂದ ಶಾಲೆಯ ಗಣಿತದ ಅಧ್ಯಾಪಕಿ. ಲೋಬ್‌ನಿಗೆ ಆಗ 47 ವರ್ಷ. ಎದುರಾಳಿ ಸೆಬಾಸ್ಟಿಯನ್ ಓಜಿಯೆ ಆಗಲೇ ಎಂಟು ಸಲ ವಿಶ್ವ ಚಾಂಪಿಯನ್ ಆಗಿದ್ದವನು. ಕೊನೆಗೆ ಒಂದು ಹಂತ ಉಳಿದಿರುವಂತೆ ಓಜಿಯೆಯ ಟೈರು ಗಾಳಿ ಕಳೆದುಕೊಂಡಿತು, ಲೋಬ್ ಮುಂದಾದನು. ಕಡೆಯ ಹಂತದಲ್ಲಿಯೂ ಅಧ್ಯಾಪಕಿ ಸಾಲು ತಪ್ಪದೆ ಓದಿದರು, ಚಾಂಪಿಯನ್ ಕೇಳುತ್ತ ಓಡಿಸಿದನು. ಬೆಟ್ಟವಿಳಿದು ಬಂದು ಲೆಕ್ಕ ಹಾಕಿದಾಗ ಅವರು 10.5 ಸೆಕೆಂಡುಗಳಿಂದ ಗೆದ್ದಿದ್ದರು.