ಫೋನಿನ ಮಳೆ ಒಂದು ಸೆಂಟು, ತೋಟದ ಮಳೆ ನೂರು

ಪ್ರಶ್ನೆ: ನಮ್ಮದು ಆಲೂರು ತಾಲ್ಲೂಕಿನ ಕುಂದೂರು. ಮಾರ್ಚಿನಲ್ಲಿ ಹೂಮಳೆಗೆ ಕಾಯುವಾಗ ಫೋನಿನಲ್ಲಿ ವಾರದ ಹವಾಮಾನ ನೋಡುತ್ತಿರುತ್ತೇನೆ. ಬುಧವಾರ ಶೇ 60 ಮಳೆ ಅಂತ ತೋರಿಸಿತ್ತು. ಸಕಲೇಶಪುರದ ಕಡೆ ಚೆನ್ನಾಗಿ ಹೊಯ್ಯಿತು, ನಮ್ಮಲ್ಲಿ ಧೂಳೂ ಅಡಗಲಿಲ್ಲ. ಇದನ್ನು ನಂಬಿ ಸ್ಪ್ರಿಂಕ್ಲರ್ ನಿಲ್ಲಿಸಬಹುದೇ?
— ಒಬ್ಬ ಕಾಫಿ ಬೆಳೆಗಾರ

ಉತ್ತರ: ಮೊದಲು ಫೋನು ತೋರಿಸುತ್ತಿರುವುದು ನಿಮ್ಮ ಕುಂದೂರೇ ಹೌದಾ ನೋಡಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಹೊನ್ನಾಳಿ ತಾಲ್ಲೂಕಿನಲ್ಲೊಂದು ಕುಂದೂರಿದೆ, ಮೂಡಿಗೆರೆ ತಾಲ್ಲೂಕಿನಲ್ಲಿ ಇನ್ನೊಂದು. ಹೆಸರು ಬರೆದು ಹುಡುಕುವುದಕ್ಕಿಂತ ತೋಟದಲ್ಲೇ ನಿಂತು ಲೊಕೇಶನ್ ಆನ್ ಮಾಡುವುದು ವಾಸಿ.

ಊರು ಸರಿಯಿದೆ ಅಂತಿಟ್ಟುಕೊಳ್ಳೋಣ. ಮಳೆಯ ಲೆಕ್ಕ ಹಾಕುವ ಕಂಪ್ಯೂಟರಿಗೆ ಊರು, ಕೇರಿ ಗೊತ್ತಿಲ್ಲ. ಅದು ಭೂಮಿಯನ್ನು ಚೌಕಗಳಾಗಿ ಹೆಚ್ಚಿಕೊಂಡು, ಚೌಕಕ್ಕೊಂದು ಉತ್ತರ ಕೊಡುತ್ತದೆ. ನಮ್ಮ ಹವಾಮಾನ ಇಲಾಖೆಗೆ 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್ಕಾಸ್ಟ್ ಸಿಸ್ಟಂನಲ್ಲಿ ಚೌಕದ ಬದಿ ಸುಮಾರು 6 ಕಿ.ಮೀ, ಅದಕ್ಕೆ ಮೊದಲು 12 ಕಿ.ಮೀ ಇತ್ತು. ಅಷ್ಟರೊಳಗೆ ನಿಮ್ಮಲ್ಲಿ ಗುಡ್ಡ, ಗದ್ದೆ, ಹಳ್ಳ ಎಲ್ಲವೂ ಮುಗಿದು ಇನ್ನೊಂದು ಗುಡ್ಡ ಶುರುವಾಗಿರುತ್ತದೆ. ಮಳೆ ಇಳಿಮುಖವಾಗುವ ಜಾಗವೂ ನಿಮ್ಮದೇ: ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಸಾವಿರ ಮಿ.ಮೀ ದಾಟಿದರೆ, ನಲವತ್ತು ಕಿ.ಮೀ ಪೂರ್ವದ ಹಾಸನದಲ್ಲಿ ಅದರ ಅರ್ಧವೂ ಬೀಳುವುದಿಲ್ಲ. ನೀವಿರುವುದು ಇವೆರಡರ ನಡುವೆ.

ಈಗ ಆ ಶೇ 60ರ ವಿಚಾರ. ಅರವತ್ತು ಭಾಗ ನೆನೆಯುತ್ತದೆ ಅಂತಲ್ಲ, ಅರವತ್ತು ನಿಮಿಷ ಹೊಯ್ಯುತ್ತದೆ ಅಂತಲೂ ಅಲ್ಲ. ಇಂಥ ಹತ್ತು ಬುಧವಾರಗಳಲ್ಲಿ ಆರು ದಿನ ಮಳೆ ಬೀಳುತ್ತದೆ ಎಂಬ ಲೆಕ್ಕ. ಯಾವುದನ್ನು ಮಳೆ ಅನ್ನುತ್ತಾರೆ ಎಂಬುದರಲ್ಲೇ ಇರುವುದು ಕಿತಾಪತಿ. ತೋಟದವರು ಇಂಚು, ಸೆಂಟಿನಲ್ಲಿ ಮಳೆ ಅಳೆಯುತ್ತೀರಲ್ಲ, ಅದರಲ್ಲೇ ಹೇಳುತ್ತೇನೆ. ಅಮೆರಿಕದ ಹವಾಮಾನ ಇಲಾಖೆ ಈ ಶೇಕಡಾ ಲೆಕ್ಕಕ್ಕೆ ಇಟ್ಟುಕೊಂಡಿರುವ ಗೆರೆ ಒಂದಿಂಚಿನ ನೂರನೇ ಒಂದು ಪಾಲು, ಅಂದರೆ ಬರೋಬ್ಬರಿ ಒಂದು ಸೆಂಟು. ರೊಬಸ್ಟಾ ಅರಳಲು ಕನಿಷ್ಠ ಒಂದಿಂಚು, ನೂರು ಸೆಂಟು ಬೇಕು. ನಾಲ್ಕು ಹನಿ ಉದುರಿದರೂ ಫೋನು ಗೆದ್ದ ಹಾಗೆ, ತೋಟ ಗೆದ್ದ ಹಾಗಲ್ಲ. ಆದ್ದರಿಂದ ಶೇಕಡಾವಾರು ಬಿಟ್ಟು ಅದರ ಕೆಳಗೆ ಎಷ್ಟು ಮಿ.ಮೀ ಎಂದು ಬರೆದಿದೆ ನೋಡಿ. 25 ಮಿ.ಮೀ ಅಂದರೆ ಹತ್ತಿರ ಹತ್ತಿರ ಒಂದಿಂಚು.

ಮಾರ್ಚ್–ಏಪ್ರಿಲ್ ಮಳೆಯ ಸ್ವಭಾವವೂ ಬೇರೆ. ಹಗಲಿಡೀ ಕಾದ ನೆಲ, ಸಮುದ್ರದಿಂದ ಬಂದ ತೇವ ಸೇರಿ ಮಧ್ಯಾಹ್ನದ ಮೇಲೆ ಏಳುವ ಗುಡುಗಿನ ಮೋಡ ಅದು. ಅಗಲ ಕೆಲವೇ ಕಿ.ಮೀ, ಆಯಸ್ಸು ಒಂದು ಗಂಟೆಯ ಆಸುಪಾಸು. ಮೋಡ ಏಳುವ ದಿನ ಯಾವುದು ಅಂತ ಎರಡು ದಿನ ಮೊದಲು ಹೇಳಬಹುದು. ಯಾವ ಗುಡ್ಡದ ಮೇಲೆ ಅಂತ ಯಾರೂ ಹೇಳಲಾರರು. ಆರಿದ್ರೆ, ಪುನರ್ವಸು ಮಳೆಯ ಕಾಲದಲ್ಲಿ ಹೀಗಲ್ಲ. ಆಗ ಪಶ್ಚಿಮದ ಗಾಳಿ ಇಡೀ ಘಟ್ಟಕ್ಕೆ ಗುದ್ದಿ ಮೋಡ ಮೇಲೇರುವುದರಿಂದ ವಾರದ ಮುನ್ಸೂಚನೆಗೆ ಹೆಚ್ಚು ಬೆಲೆ ಕೊಡಬಹುದು.

ಹಾಗಾಗಿ ಕೆರೆಯಲ್ಲಿ ನೀರಿದ್ದು ಮೊಗ್ಗು ಬಲಿತಿದ್ದರೆ, ಐದು ದಿನದಾಚೆಯ ಮಳೆ ನೆಚ್ಚಿ ನಾನಂತೂ ಸ್ಪ್ರಿಂಕ್ಲರ್ ನಿಲ್ಲಿಸುತ್ತಿರಲಿಲ್ಲ. ನಾಳೆಗೇ 20–25 ಮಿ.ಮೀ ಎಂದಿದ್ದರೆ ಒಂದು ದಿನ ತಡೆಯಬಹುದು. ಅರ್ಧ ಇಂಚಿಗೇ ಮಳೆ ಕೈಕೊಟ್ಟರೆ ತಡಮಾಡದೆ ಉಳಿದರ್ಧ ನೀವೇ ಕೊಡಿ, ಇಲ್ಲದಿದ್ದರೆ ಮೊಗ್ಗು ಪೂರ್ತಿ ಅರಳದೆ ಕಮರುತ್ತದೆ.

ಇನ್ನೊಂದು ಮಾತು. ನಮ್ಮ ಹವಾಮಾನ ಇಲಾಖೆಯ ಮಳೆ-ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಬುಧವಾರ ಸಂಜೆಯ ಮಳೆ ಗುರುವಾರದ ಪಟ್ಟಿಗೆ ಹೋಗಿರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಫೋನು ಹೇಳಿದ ಅಂಕಿ, ಕೇಂದ್ರದ ಅಂಕಿ, ನಿಮ್ಮ ಅಂಗಳದ ಮಳೆಮಾಪಕದ ಅಂಕಿ ಮೂರನ್ನೂ ಒಂದು ಪುಸ್ತಕದಲ್ಲಿ ಪಕ್ಕಪಕ್ಕ ಬರೆಯುತ್ತಾ ಬನ್ನಿ. ಎರಡು ಹೂಮಳೆ ಕಳೆಯುವಷ್ಟರಲ್ಲಿ ಫೋನು ನಿಮ್ಮ ತೋಟಕ್ಕೆ ಎಷ್ಟು ಸೆಂಟು ಹೆಚ್ಚಿಗೆ ಹೇಳುತ್ತದೆ ಎಂಬುದು ಆ ಪುಸ್ತಕದಲ್ಲೇ ಸಿಗುತ್ತದೆ.