ಕೌದಿ ಬೆಡ್‌ಶೀಟ್ ಆಗಬಾರದು: ಕೈಕೆಲಸದ ಪ್ರದರ್ಶನ ಆನ್‌ಲೈನ್‌ಗೆ ಹೋದಾಗ ಕಲಿತದ್ದು

ಮೊದಲು ಬೇಜಾರಿನ ಸಂಗತಿ ಹೇಳಿಬಿಡ್ತೀವಿ. ನಮ್ಮ ಕೈಕೆಲಸ ಪ್ರದರ್ಶನಕ್ಕೆ ಸಿಗಬೇಕಿದ್ದ ಹಾಲ್, ಇನ್ನು ಒಂಬತ್ತು ದಿನ ಇದೆ ಅನ್ನುವಾಗ ಪ್ಲೇಸ್‌ಮೆಂಟ್ ಡ್ರೈವ್‌ಗೆ ಹೋಯ್ತು. ಜೇಡಿಮಣ್ಣಿನ ಯಕ್ಷಗಾನದ ಮುಖ, ಅರಗಿನ ಬಣ್ಣದ ಬುಗುರಿಗಳು, ಹಳೇ ಪಿಸಿಬಿ ಕತ್ತರಿಸಿ ಮಾಡಿದ ರಥ, ಎಣ್ಣೆಬಣ್ಣದ ಚಿತ್ರಗಳು, ಹೀಗೆ 38 ಕೆಲಸಗಳು ಹಾಸ್ಟೆಲ್ ರೂಮುಗಳಲ್ಲಿ ರೆಡಿ ಕೂತಿದ್ದವು. ಆನ್‌ಲೈನ್ ಮಾಡೋಣ, ಫೋಟೋ ತೆಗೆದು ಹಾಕಿದ್ರೆ ಮುಗೀತಲ್ಲ ಅಂದುಕೊಂಡ್ವಿ. 2021ರ ಜನವರಿಯಲ್ಲಿ ಕೊರೊನಾದಿಂದಾಗಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯೇ ಕುಮಾರಕೃಪಾ ರಸ್ತೆ ಬಿಟ್ಟು ಆನ್‌ಲೈನ್‌ಗೆ ಬಂದಿತ್ತು, ನಮ್ಮದೇನು ಮಹಾ ಅನ್ನೋ ಧೈರ್ಯ.

ಆ ಧೈರ್ಯ ಇಳಿಸಿದ್ದು ಒಂದು ಕೌದಿ. ನಮ್ಮ ಮೆಕ್ಯಾನಿಕಲ್ ಗೆಳತಿಯೊಬ್ಬಳು ರಜೆಯಲ್ಲಿ ಧಾರವಾಡದ ಹತ್ತಿರದ ತನ್ನೂರಲ್ಲಿ ಅಜ್ಜಿ ಜೊತೆ ಕೂತು, ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿದದ್ದು. ಅದನ್ನು ನೆಲಕ್ಕೆ ಹಾಸಿ, ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದ್ವಿ. ಸ್ಕ್ರೀನಲ್ಲಿ ನೋಡಿದ್ರೆ ಅಂಗಡಿಯಲ್ಲಿ ಮಾರೋ ಬೆಡ್‌ಶೀಟ್! ಸಾವಿರಾರು ಹೊಲಿಗೆಗಳಲ್ಲಿ ಒಂದೂ ಕಾಣಲ್ಲ. ಅವಳು ಜಗಳ ಆಡಲಿಲ್ಲ, "ಹಂಗಾದ್ರ ನಂದು ಹಾಕೋದ ಬ್ಯಾಡ" ಅಂದಳು ಅಷ್ಟೇ. ಆಮೇಲೆ ನಾವು ಫೋಟೋ ಅನ್ನೋದನ್ನೂ ಒಂದು ಕೈಕೆಲಸ ಅಂತಲೇ ತಗೊಂಡ್ವಿ.

ಹೊಲಿಗೆ ಯಾಕೆ ಕಾಣಲಿಲ್ಲ? ಎರಡು ಕಾರಣ. ಒಂದು ಬೆಳಕು. ಫ್ಲ್ಯಾಶ್ ಕ್ಯಾಮೆರಾದ ದಿಕ್ಕಿನಿಂದಲೇ ನೇರವಾಗಿ ಬಡಿಯುತ್ತೆ, ಹಾಗಾಗಿ ಉಬ್ಬು ತಗ್ಗುಗಳ ನೆರಳು ವಸ್ತುವಿನ ಹಿಂದೆ ಅಡಗಿಬಿಡುತ್ತೆ. ನೆರಳಿಲ್ಲದೆ ಮೇಲ್ಮೈ ಇಲ್ಲ. ರೂಮಿನ ಲೈಟೆಲ್ಲ ಆರಿಸಿ, ಒಂದೇ ಟೇಬಲ್ ಲ್ಯಾಂಪನ್ನು ನೆಲದ ಮಟ್ಟಕ್ಕೆ ಇಳಿಸಿ, ಬೆಳಕು ಬಟ್ಟೆಯನ್ನು ಸವರಿಕೊಂಡು ಹೋಗೋ ಹಾಗೆ ಇಟ್ಟ್ವಿ. ಪ್ರತಿ ಹೊಲಿಗೆಯ ಪಕ್ಕ ಪುಟ್ಟ ನೆರಳು ಎದ್ದು ನಿಂತಿತು. ರಸ್ತೆಯ ಹಂಪು ರಾತ್ರಿ ಹೆಡ್‌ಲೈಟಿಗೆ ಕಾಣೋದು ಇದೇ ಲೆಕ್ಕ.

ಇನ್ನೊಂದು ಕಾರಣ ಬರೀ ಭಾಗಾಕಾರ. ಕೌದಿಯ ಉದ್ದ 200 ಸೆಂಟಿಮೀಟರ್, ವೆಬ್ ಫೋಟೋದ ಉದ್ದ 2000 ಪಿಕ್ಸೆಲ್. ಅಂದ್ರೆ ಸೆಂಟಿಮೀಟರಿಗೆ 10 ಪಿಕ್ಸೆಲ್. 4 ಮಿಲಿಮೀಟರ್ ಹೊಲಿಗೆಗೆ ಸಿಗೋದು ನಾಲ್ಕೇ ಪಿಕ್ಸೆಲ್, ದಾರದ ದಪ್ಪಕ್ಕೆ ಒಂದೂ ಪೂರ್ತಿ ಇಲ್ಲ. ಎಷ್ಟು ಝೂಮ್ ಮಾಡಿದ್ರೂ ಇಲ್ಲದ್ದು ಬರಲ್ಲ. ಬರೀ 10 ಸೆಂಟಿಮೀಟರ್ ಅಗಲದ ತುಂಡನ್ನು ಹತ್ತಿರದಿಂದ ತೆಗೆದ್ರೆ ಅದೇ ಹೊಲಿಗೆಗೆ 80 ಪಿಕ್ಸೆಲ್. ಹಾಗಾಗಿ ಪ್ರತಿ ಕೆಲಸಕ್ಕೂ ನಾಲ್ಕು ಫೋಟೋ ಅಂತ ನಿಯಮ ಮಾಡಿಕೊಂಡ್ವಿ: ಪೂರ್ತಿ ನೋಟ, ಹತ್ತಿರದ ತುಂಡು, ಹಿಂಬದಿ, ಮತ್ತೆ ಮಾಡಿದವರ ಕೈ ಜೊತೆ ಒಂದು. ಕೈ ಯಾಕಂದ್ರೆ ಸ್ಕ್ರೀನಲ್ಲಿ ಬುಗುರಿಯೂ ರಥವೂ ಒಂದೇ ಸೈಜಾಗಿ ಕಾಣ್ತವೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ನೋಡಿದ್ವಿ, ಲ್ಯಾಬ್ ರೆಕಾರ್ಡ್ ಥರ ಆಯ್ತು. ಹಿಂಬದಿಗೆ ಕೆಲವರು ನಾಚಿಕೊಂಡ್ರು, ಗಂಟು ಅಂಟು ಎಲ್ಲಾ ಅಲ್ಲೇ ಅಲ್ವಾ ಇರೋದು! ಆದ್ರೆ ಜಾಸ್ತಿ ಪ್ರಶ್ನೆ ಬಂದದ್ದು ಆ ಫೋಟೋಗಳ ಬಗ್ಗೆಯೇ.

ಬುಗುರಿ ಮಾತ್ರ ನಮ್ಮನ್ನು ಚೆನ್ನಾಗಿ ಕುಣಿಸಿತು. ಸುತ್ತಲೂ ಫೋಟೋ ತೆಗೆದು ತ್ರೀಡಿ ಮಾಡೆಲ್ ಕಟ್ಟೋ ಸಾಫ್ಟ್‌ವೇರಿನಲ್ಲಿ ಜೇಡಿಮಣ್ಣಿನ ಮುಖ ಸಲೀಸಾಗಿ ಬಂತು, ಬುಗುರಿ ಕರಗಿದ ಮೇಣದ ಹಾಗೆ ಬಂತು. ಆ ಸಾಫ್ಟ್‌ವೇರ್ ಒಂದು ಫೋಟೋದ ಗುರುತನ್ನು ಇನ್ನೊಂದರಲ್ಲಿ ಹುಡುಕಿ ಜೋಡಿಸುತ್ತೆ. ಅರಗಿನ ಹೊಳಪು ವಸ್ತುವಿಗೆ ಅಂಟಿಕೊಂಡಿರಲ್ಲ, ಕ್ಯಾಮೆರಾ ಸರಿದ ಹಾಗೆ ಅದೂ ಸರಿಯುತ್ತೆ. ತ್ರೀಡಿ ಕೈಬಿಟ್ಟು ಇಸಿ ಹುಡುಗರ ಸ್ಟೆಪ್ಪರ್ ಮೋಟರ್ ತಂದ್ವಿ. ಸುತ್ತಿಗೆ 200 ಸ್ಟೆಪ್, ಎಂಟೆಂಟು ಸ್ಟೆಪ್ಪಿಗೆ ಒಂದು ಫೋಟೋ, ಒಟ್ಟು 25. ಬೆರಳಲ್ಲಿ ಎಳೆದ್ರೆ ಬುಗುರಿ ತಿರುಗುತ್ತೆ, ಹೊಳಪೂ ಉಳಿಯುತ್ತೆ. ನಿಜ ಹೇಳಬೇಕಂದ್ರೆ ತ್ರೀಡಿಗಿಂತ ಇದೇ ಚೆನ್ನಾಗಿತ್ತು.

ಎಣ್ಣೆಬಣ್ಣದ ಚಿತ್ರಗಳಿಗೆ ಉಲ್ಟಾ ಸಮಸ್ಯೆ, ಅಲ್ಲಿ ಹೊಳಪೇ ಬೇಡ. ಎಡಕ್ಕೊಂದು ಬಲಕ್ಕೊಂದು ಒಂದೇ ಥರದ ಲೈಟನ್ನು 45 ಡಿಗ್ರಿಗೆ ಇಟ್ಟು, ಕಿಟಕಿಗೆ ಬೆಡ್‌ಶೀಟ್ ಕಟ್ಟಿದ್ವಿ (ಇದು ನಿಜವಾದ ಬೆಡ್‌ಶೀಟೇ). ಕಿಟಕಿ ಬೆಳಕಿಗೂ ಟ್ಯೂಬ್‌ಲೈಟಿಗೂ ಬಣ್ಣ ಬೇರೆ, ಎರಡೂ ಬೆರೆತರೆ ಒಂದೇ ಚಿತ್ರದ ಅರ್ಧ ನೀಲಿ, ಅರ್ಧ ಹಳದಿ.

ಇಷ್ಟಾದ ಮೇಲೂ ಒಂದು ತಪ್ಪು ಮಾಡಿದ್ವಿ. ಮನೇಲಿ ತೆಗೆದ ಫೋಟೋಗಳ ಒಳಗೆ ಲೊಕೇಶನ್ ಇರುತ್ತಲ್ಲ, ಊರಿಗೆಲ್ಲ ವಿಳಾಸ ಯಾಕೆ ಅಂತ ಮೆಟಾಡೇಟಾ ಪೂರ್ತಿ ಅಳಿಸಿದ್ವಿ. ಕೆಲವು ಫೋನುಗಳ ಫೋಟೋದಲ್ಲಿ ಕುಂಕುಮದ ಕೆಂಪು ಇಟ್ಟಿಗೆ ಬಣ್ಣಕ್ಕೆ ಇಳಿದುಬಿಡ್ತು. ಬಣ್ಣವನ್ನು ಹೇಗೆ ಓದಬೇಕು ಅನ್ನೋ ಪ್ರೊಫೈಲ್ ಕೂಡ ಅದರ ಜೊತೆಗೇ ಹೋಗಿತ್ತು. ಮೊದಲು ಎಸ್‌ಆರ್‌ಜಿಬಿಗೆ ಬದಲಾಯಿಸಿ, ಆಮೇಲೆ ಅಳಿಸಬೇಕು. ಈ ಕ್ರಮ ಕಲಿಯೋಕೆ ಒಂದು ರಾತ್ರಿ ಹೋಯ್ತು.

ಕೊನೆಗೆ ತೂಕದ ಲೆಕ್ಕ. 152 ಫೋಟೋ, ಒಂದೊಂದು ಸುಮಾರು 5 ಎಂಬಿ, ಒಟ್ಟು 760 ಎಂಬಿ. ಹಾಸ್ಟೆಲ್ ವೈಫೈನಲ್ಲಿ ನಮಗೆ ಇದು ಗೊತ್ತೇ ಆಗ್ತಿರಲಿಲ್ಲ. ಆದ್ರೆ ಕೌದಿ ಹೊಲಿದ ಅಜ್ಜಿಯ ಊರಲ್ಲಿ ಅಟ್ಟ ಹತ್ತಿದ್ರೆ ಮಾತ್ರ ಸಿಗ್ನಲ್. ಮೊದಲ ಪುಟಕ್ಕೆ 38 ಪುಟ್ಟ ಚಿತ್ರಗಳು, 30 ಕೆಬಿಗೆ ಒಂದು, ಎಲ್ಲ ಸೇರಿ 1 ಎಂಬಿ ಚಿಲ್ಲರೆ. ದೊಡ್ಡದು ಮುಟ್ಟಿದಾಗ ಮಾತ್ರ ಇಳಿಯಲಿ ಅಂತ ಬರೆದ್ವಿ. ಹತ್ತಿರದ ತುಂಡಿನ ಫೋಟೋಗಳನ್ನು ಮಾತ್ರ ಜಾಸ್ತಿ ಹಿಂಡಲಿಲ್ಲ, ಹಿಂಡಿದ್ರೆ ದಾರವೇ ಕಲಸಿಹೋಗ್ತಿತ್ತು.

ಪ್ರದರ್ಶನ ತೆರೆದ ಸಂಜೆ ಗೆಳತಿಗೆ ಊರಿಂದ ಫೋನ್ ಬಂತು. ಅಜ್ಜಿ ಮಾವನ ಮೊಬೈಲ್ ಹಿಡ್ಕೊಂಡು ಅಟ್ಟದ ಮೇಲೆ ಕೂತಿದ್ದರು. ಸ್ಪೀಕರ್ ಹಾಕಿದ್ಲು, ನಾವೆಲ್ಲ ಸುತ್ತ ನಿಂತ್ವಿ.

"ಆ ಕೆಂಪು ಸೀರಿ ಮೂಲ್ಯಾಗ ಹೊಲಗಿ ಸಡ್ಲ ಆಗೇತಲ್ಲವಾ," ಅಂದ್ರು ಅಜ್ಜಿ. "ರಜಾಕ್ಕ ಬರೂಮುಂದ ತಗೊಂಡ ಬಾ, ಬಿಚ್ಚಿ ಹೊಲಿಯೂಣು."